ಹೆಂಚು ಬದಲಿಸಿ ಬಾಡಿಗೆಯಲ್ಲಿ ಮುರಿದುಕೊಂಡೆ

ಬೇಸಿಗೆಯಲ್ಲಿ ನೋಡಿದರೆ ಮಡಿಕೇರಿಯ ಎಲ್ಲ ಬಾಡಿಗೆ ಮನೆಗಳೂ ಚೆಂದವೇ. ಮಾಡಿನ, ಅಂದರೆ ಹೆಂಚಿನ ಚಾವಣಿಯ, ಬಂಡವಾಳ ಬಯಲಾಗುವುದು ಜೂನ್‌ನಲ್ಲಿ. ಹಾಗಾಗಿ ಮನೆ ನೋಡಲು ಹೋದ ದಿನವೇ ಅಟ್ಟ ಹತ್ತಿ ಟಾರ್ಚ್ ಬಿಟ್ಟೆ. ಒಂದು ಮೂಲೆಯ ಪಕಾಸು (ಮಾಡನ್ನು ಹೊರುವ ಮರದ ತೊಲೆ) ಕಪ್ಪಗಾಗಿ, ಉಗುರು ಒತ್ತಿದರೆ ಪುಡಿಯಾಗುತ್ತಿತ್ತು. "ಮಾಡು, ಗೋಡೆ, ಪೈಪಿನ ದೊಡ್ಡ ರಿಪೇರಿ ಮಾಲೀಕರದು" ಎಂದು ಕರಾರಿನಲ್ಲಿ ಬರೆಸಿ ಎಂದೆ. "ಅದೆಲ್ಲ ಯಾಕಮ್ಮಾ, ಹೇಳಿದ್ರೆ ಮಾಡಿಸಿಕೊಡ್ತೇನೆ" ಎಂದು ನಕ್ಕರು ಮಾಲೀಕರು. ಆದರೂ ಸಹಿ ಹಾಕಿದರು.

ಆ ಒಂದು ಸಾಲೇ ನನ್ನನ್ನು ಉಳಿಸಿತು. ಕರ್ನಾಟಕ ಬಾಡಿಗೆ ಕಾಯ್ದೆ, 1999 ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಆ ಮೊತ್ತಕ್ಕೆ ಈಗ ಮನೆ ಎಲ್ಲಿ ಸಿಗುತ್ತದೆ? ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಮಾಲೀಕ ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ, ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎನ್ನುತ್ತದೆ ಅದರ 108ನೇ ಕಲಂ. ಗಮನಿಸಿ, "ಮಾಡಿಸಲೇಬೇಕಾದ" ರಿಪೇರಿ. ಕರಾರಿನಲ್ಲಿ ಏನೂ ಇಲ್ಲದಿದ್ದರೆ ಜಗಳ ಶುರುವಾಗುವುದೇ ಅಲ್ಲಿ.

ಮಳೆ ಹಿಡಿದ ಮೇಲೆ ಮಲಗುವ ಕೋಣೆಯ ಗೋಡೆ ಒದ್ದೆಯಾಯಿತು, ಬೀರುವಿನ ಸೀರೆಗಳಿಗೆ ಬೂಸ್ಟು ಬಂತು. ಫೋನ್ ಮಾಡಿದರೆ "ಮಳೆ ಬಿಡಲಿ" ಎಂಬ ಉತ್ತರ. ಕೊಡಗಿನಲ್ಲಿ! ತಾರೀಕು ಕಾಣುವ ಫೋಟೋ, ಆಚಾರಿ ಬರೆದುಕೊಟ್ಟ ಅಂದಾಜು ಪಟ್ಟಿ, ಇಷ್ಟು ದಿನದೊಳಗೆ ಮಾಡಿಸಿ ಎಂಬ ಪತ್ರ, ಮೂರನ್ನೂ ಸೇರಿಸಿ ತಲುಪಿದ ರಸೀದಿ ಬರುವಂತೆ ಅಂಚೆಯಲ್ಲಿ ಕಳಿಸಿದೆ. ವಾಟ್ಸಾಪ್‌ನಲ್ಲೂ ಹಾಕಿದೆ. ಉತ್ತರವಿಲ್ಲ. ಗಡುವು ಮುಗಿದ ಮೇಲೆ, ಮಳೆ ಹೊಳವಾದಾಗ ಪಕಾಸು, ಹೆಂಚು ಕೂರುವ ರೀಪು ಪಟ್ಟಿ, ಒಡೆದ ಹೆಂಚು ಬದಲಿಸಿದೆ. ಅಷ್ಟೇ, ಅಡುಗೆಮನೆಗೆ ಬಣ್ಣ ಹೊಡೆಸುವ ಆಸೆ ಇತ್ತು, ಅದನ್ನು ಈ ಲೆಕ್ಕಕ್ಕೆ ಸೇರಿಸಲಿಲ್ಲ.

ಬಾಡಿಗೆ ಪೂರ್ತಿ ನಿಲ್ಲಿಸಬೇಡಿ, ಅದು ನಿಮ್ಮನ್ನೇ ತಪ್ಪಿತಸ್ಥರನ್ನಾಗಿಸುತ್ತದೆ. ನಾನು ಖರ್ಚನ್ನು ಕಂತಿನಲ್ಲಿ ಮುರಿದು, ಉಳಿದದ್ದನ್ನು ಬ್ಯಾಂಕಿಗೇ ಹಾಕಿ, ಬಿಲ್ಲಿನ ಪ್ರತಿ ಕಳಿಸಿದೆ. ಆಗ ಫೋನ್ ಬಂತು: "ಮನೆ ಖಾಲಿ ಮಾಡಿ." ಕರಾರಿನ ಅವಧಿ ಇನ್ನೂ ಇತ್ತು. ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿಕೊಂಡೆ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ನೆರವು ಉಚಿತ. ವಕೀಲರ ಪತ್ರವೊಂದು ಹೋದ ಮೇಲೆ ಆ ಮಾತು ಮತ್ತೆ ಬರಲಿಲ್ಲ.

ಮನೆ ಹಿಂದಿನ ಬರೆಯೇ (ಗುಡ್ಡದ ಕಡಿದಾದ ಮಣ್ಣಿನ ಬದಿ) ಕುಸಿದರೆ ದಾರಿ ಬೇರೆ. 2018ರ ಆಗಸ್ಟ್‌ನ ಕೊಡಗಿನ ಭೂಕುಸಿತ ಕಂಡವರಿಗೆ ಆ ಭಯ ಹೇಳಿಕೊಡಬೇಕಿಲ್ಲ. ಪ್ರಕೃತಿ ವಿಕೋಪದಿಂದ ಮನೆ ಶಾಶ್ವತವಾಗಿ ವಾಸಕ್ಕೆ ಬಾರದಂತಾದರೆ, ಅದೇ 108ನೇ ಕಲಮಿನ ಪ್ರಕಾರ ಬಾಡಿಗೆದಾರ ಕರಾರನ್ನೇ ಬಿಡಬಹುದು. ಆಗ ರಿಪೇರಿ ಮಾಡಿಸುತ್ತಾ ಕೂರಬೇಡಿ, ಸಾಮಾನು ಕಟ್ಟಿ.