ವಲಸೆಯ ಬಗ್ಗೆ ವರದಿ ಮಾಡಬೇಕಾ? ಉಪ್ಪಳದಿಂದ ಶುರು ಮಾಡಿ

ಪತ್ರಿಕೋದ್ಯಮ ಓದಿ ಬಂದ ಮಕ್ಕಳು ನನ್ನ ಹತ್ತಿರ ಕೇಳುವುದು ಒಂದೇ: ವಲಸೆ ಬಗ್ಗೆ ಬರೆಯಬೇಕು, ದುಬೈಗೆ ಹೋಗುವ ದಾರಿ ಹೇಳಿ ಅಂತ. ದುಬೈ ಆಮೇಲೆ. ಮೊದಲು ನಮ್ಮ ಕಾಸರಗೋಡು ಜಿಲ್ಲೆಯ ಉಪ್ಪಳ, ಕುಂಬಳೆ, ಬದಿಯಡ್ಕದ ಮನೆಗಳಿಗೆ ಹೋಗಿ. ಗಲ್ಫಿನ ಅರ್ಧ ಕತೆ ಅಲ್ಲೇ ಇದೆ, ಕಾಗದಪತ್ರ ಸಮೇತ.

ಕಾಸರಗೋಡಿನವರಿಗೆ ಭಾಷೆಯೇ ಬಲ. ಕನ್ನಡ, ತುಳು, ಮಲಯಾಳ, ಬ್ಯಾರಿ, ಮನೆಯೊಳಗೆ ಯಾವುದು ಆಡುತ್ತಾರೋ ಅದರಲ್ಲೇ ಕೇಳಿ. ತಿರುವನಂತಪುರದಿಂದಲೋ ಬೆಂಗಳೂರಿನಿಂದಲೋ ಬಂದವರಿಗೆ ಸಿಗದ ಮಾತು ನಿಮಗೆ ಸಿಗುತ್ತದೆ.

ಮಾತಿನ ಜೊತೆ ಕಾಗದ ನೋಡಿ. ಪಾಸ್‌ಪೋರ್ಟಿನಲ್ಲಿ ಇಸಿಆರ್ ಮುದ್ರೆ (ಎಮಿಗ್ರೇಶನ್ ಚೆಕ್ ರಿಕ್ವೈರ್ಡ್, ಅಂದರೆ ವಲಸೆ ತಪಾಸಣೆ ಬೇಕು) ಇದೆಯಾ? ಹತ್ತನೇ ಕ್ಲಾಸ್ ಪಾಸಾಗದವರಿಗೆ ಸಾಮಾನ್ಯವಾಗಿ ಇರುತ್ತದೆ. ಇದ್ದರೆ ಸೌದಿ, ಕುವೈತ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು. ವಿಸಿಟ್ ವೀಸಾದಲ್ಲಿ ಹೋಗಿದ್ದರೆ ಸರ್ಕಾರದ ಲೆಕ್ಕದಲ್ಲಿ ಅವರು ಕೆಲಸಗಾರರೇ ಅಲ್ಲ. ಏಜೆಂಟರ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಇದೆಯಾ ಹುಡುಕಿ. ನೋಂದಾಯಿತ ಏಜೆಂಟರು ತಗೊಳ್ಳಬಹುದಾದದ್ದು ಹೆಚ್ಚೆಂದರೆ 30 ಸಾವಿರ ರೂಪಾಯಿ, ಮೇಲೆ ಜಿಎಸ್‌ಟಿ. ಎಷ್ಟು ಕೊಟ್ಟಿರಿ, ಯಾವ ಒಡವೆ ಅಡವಿಟ್ಟಿರಿ ಎಂದು ಕೇಳಿ.

ಒಂದು ಮನೆಯಲ್ಲಿ ನನಗೆ ಎರಡು ಕರಾರು ಸಿಕ್ಕಿದವು. ಊರಲ್ಲಿ ಸಹಿ ಹಾಕಿದ್ದರಲ್ಲಿ ಹುಡುಗ ಡ್ರೈವರ್. ವಿಮಾನ ಇಳಿದ ಮೇಲೆ ಸಹಿ ಹಾಕಿಸಿದ ಅರಬಿ ಕಾಗದದಲ್ಲಿ ಕ್ಲೀನರ್, ಸಂಬಳವೂ ಕಡಿಮೆ. ಅವನು ವಾಟ್ಸಾಪಿನಲ್ಲಿ ಕಳಿಸಿದ ಮಸುಕು ಫೋಟೋವನ್ನು ಊರಿನ ಉಸ್ತಾದರು ಕನ್ನಡಕ ಸರಿಮಾಡಿಕೊಂಡು ಸಾಲು ಸಾಲಾಗಿ ಓದಿ ಹೇಳಿದರು. ತಾಯಿಗೆ ವಿಷಯ ಗೊತ್ತಾದದ್ದೂ ಆಗಲೇ. ಆ ವರದಿಯನ್ನು ಯಾರಿಗೂ ಅಲ್ಲಗಳೆಯಲು ಆಗಲಿಲ್ಲ.

ಆದರೆ ಅಲ್ಲಿ ಇನ್ನೂ ಕೆಲಸದಲ್ಲಿರುವವರ ಹೆಸರು, ಕಂಪನಿ, ಕ್ಯಾಂಪಿನ ಫೋಟೋ ಹಾಕಲೇಬೇಡಿ. ಎಷ್ಟೋ ಸಲ ಪಾಸ್‌ಪೋರ್ಟ್ ಮಾಲೀಕನ ಕೈಯಲ್ಲಿರುತ್ತದೆ, ಅಲ್ವಾ? ನಿಮ್ಮ ಸುದ್ದಿಯ ಪೆಟ್ಟು ಬೀಳುವುದು ಅವರಿಗೆ.

2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿತ್ತು. ಸತ್ತವರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ಇಂಥ ಹೊತ್ತಲ್ಲಿ ಮನೆ ಮುಂದೆ ಕ್ಯಾಮೆರಾ ಜಾಸ್ತಿ. ಅವು ಹೋದ ಮೇಲೆ ನೀವು ಹೋಗಿ. ಪರಿಹಾರ ಬಂತಾ, ಸಾಲ ಯಾರ ತಲೆಗೆ ಬಂತು, ಮಕ್ಕಳ ಶಾಲೆ ಏನಾಯ್ತು ಎನ್ನುವುದೆಲ್ಲ ಆಮೇಲಿನ ಸುದ್ದಿ.

ಇಲ್ಲಿಗೆ ಬಂದವರನ್ನೂ ಮರೆಯಬೇಡಿ. ಮುರಕಲ್ಲಿನ ಕೋರೆಯಲ್ಲಿ ದುಡಿಯುವ ಬಂಗಾಳ, ಅಸ್ಸಾಮಿನವರಿಗೂ ಇದೇ ಪ್ರಶ್ನೆ ಕೇಳಿ: ಯಾರು ಕರೆತಂದರು, ಕೂಲಿಯಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ?

ಪ್ರಶಸ್ತಿಯ ಆಸೆ ತಪ್ಪಲ್ಲ. 2003ರಲ್ಲಿ ಅಮೆರಿಕದ ಪುಲಿಟ್ಜರ್ ಪತ್ರಿಕೋದ್ಯಮ ಪ್ರಶಸ್ತಿ ಪಡೆದ ವರದಿಗಾರ್ತಿ ಸೋನಿಯಾ ನಜಾರಿಯೊ, ತಾಯಿಯನ್ನು ಹುಡುಕಿಕೊಂಡು ಅಮೆರಿಕಕ್ಕೆ ಹೊರಟ ಹೊಂಡುರಾಸಿನ ಹುಡುಗನ ದಾರಿಯನ್ನೇ ಹಿಡಿದು, ಮೆಕ್ಸಿಕೋದ ಗೂಡ್ಸ್ ರೈಲಿನ ಮೇಲೆ ಕೂತು ಹೋದವರು. ಒಬ್ಬ ಹುಡುಗನಿಗೆ ಅಷ್ಟು ಸಮಯ ಕೊಟ್ಟರು. ನೀವೂ ಒಂದು ಮನೆಯನ್ನು ವರ್ಷಗಟ್ಟಲೆ ಬಿಡದೆ ನೋಡಿ. ಅಚ್ಚಿಗೆ ಕಳಿಸುವ ಮುಂಚೆ ಸಂಬಳ, ತಾರೀಕು, ವೀಸಾದ ವಿವರ ಎಲ್ಲವನ್ನೂ ಅವರಿಗೆ ಫೋನಿನಲ್ಲಿ ಇನ್ನೊಮ್ಮೆ ಓದಿ ಹೇಳಿ.