ಮಾವನವರ ಬದುಕನ್ನು ಬರೆದಿಟ್ಟದ್ದು ಹೀಗೆ

ಮಾವನವರು ತೀರಿಕೊಂಡ ಮೇಲೆ ಅವರ ಬಗ್ಗೆ ಒಂದಿಷ್ಟು ಬರೆದಿಡಬೇಕು ಎಂಬ ಮಾತು ಮನೆಯಲ್ಲಿ ಬಂತು. ಕೆಲಸ ಸೊಸೆಯಾದ ನನ್ನ ಪಾಲಿಗೆ ಬಿತ್ತು. ನಾನು ಅವರನ್ನು ಕಂಡದ್ದೇ ತಲೆ ನರೆತ ಮೇಲೆ. ಬೆಟ್ಟ ಹತ್ತಿದ್ದು, ಬೈಕಿನಲ್ಲಿ ವಾರಗಟ್ಟಲೆ ಸುತ್ತಿದ್ದು, ಹೊಳೆ ಈಜಿದ್ದು ಎಲ್ಲವನ್ನೂ ಕೇಳಿಯೇ ತಿಳಿಯಬೇಕು. ಅದೇ ಅನುಕೂಲವಾಯಿತು. ಮಗ ಕೇಳಿದರೆ ಹಿರಿಯರು "ನಿನಗೆ ಗೊತ್ತೇ ಇದೆಯಲ್ಲ" ಅಂತ ಮುಗಿಸಿಬಿಡುತ್ತಾರೆ. ಸೊಸೆ ಕೇಳಿದರೆ ಬಿಡಿಸಿ ಹೇಳುತ್ತಾರೆ.

ಮೊದಮೊದಲು "ಮಾವನವರು ಎಂಥವರಾಗಿದ್ದರು?" ಅಂತ ಕೇಳುತ್ತಿದ್ದೆ. ದೇವರಂಥ ಮನುಷ್ಯ, ಕೊಡುಗೈ, ಗುಂಡಿಗೆ ಗಟ್ಟಿ. ಎಲ್ಲವೂ ನಿಜ, ಯಾವುದರಲ್ಲೂ ಮನುಷ್ಯ ಕಾಣುವುದಿಲ್ಲ. ಆಮೇಲೆ ಸಣ್ಣ ಪ್ರಶ್ನೆಗಳಿಗೆ ಇಳಿದೆ. ಅವರ ಜೇಬಿನಲ್ಲಿ ಏನಿರುತ್ತಿತ್ತು? ಹೊರಡುವ ದಿನ ಮನೆಯಲ್ಲಿ ಮೊದಲು ಏಳುತ್ತಿದ್ದವರು ಯಾರು? ಸಿಟ್ಟು ಬಂದರೆ ಏನು ಮಾಡುತ್ತಿದ್ದರು? ಜೇಬಿನ ಪ್ರಶ್ನೆಯೊಂದೇ ಒಂದು ಅಧ್ಯಾಯ ಕೊಟ್ಟಿತು: ಹಗ್ಗದ ತುಂಡು, ಮೋಟು ಪೆನ್ಸಿಲ್, ಮಡಿಸಿದ ಕಾಗದ. ಕಾಗದದಲ್ಲಿ ಹೋಗುವ ದಾರಿ, ಜೊತೆಗಾರರ ಹೆಸರು, ತಿರುಗಿ ಬರುವ ಹೊತ್ತು ಬರೆದಿರುತ್ತಿತ್ತಂತೆ. ಅದರ ಇನ್ನೊಂದು ಪ್ರತಿ ಅತ್ತೆಯವರ ಕೈಯಲ್ಲಿ. ಹೇಳಿದ ಹೊತ್ತಿಗೆ ಬಾರದಿದ್ದರೆ ಯಾರಿಗೆ ತಿಳಿಸಬೇಕು ಎಂಬುದೂ ಅದರಲ್ಲೇ. ಹುಚ್ಚು ಧೈರ್ಯದವರು ಅಂತ ನಂಟರೆಲ್ಲ ಹೇಳುತ್ತಿದ್ದ ಮನುಷ್ಯ ಲೆಕ್ಕ ಹಾಕದೆ ಹೊಸ್ತಿಲು ದಾಟುತ್ತಿರಲಿಲ್ಲ.

ಸುಮ್ಮನೆ ಕೂರಿಸಿ ಕೇಳಿದರೆ ಬಾರದ ಮಾತು ಫೋಟೋ ಕೈಗೆ ಕೊಟ್ಟರೆ ಬರುತ್ತದೆ. ವಯಸ್ಸಾದವರಿಗೆ ಹತ್ತರಿಂದ ಮೂವತ್ತರವರೆಗಿನ ದಿನಗಳ ನೆನಪೇ ಹೆಚ್ಚು ಎಂದು ಮನಶ್ಶಾಸ್ತ್ರದವರು ಗುರುತಿಸಿದ್ದಾರೆ. ನನ್ನ ಕಣ್ಣೆದುರೂ ಹಾಗೇ ಆಯಿತು. ಚಿಕ್ಕಮಾವನವರಿಗೆ ನಿನ್ನೆ ಬಂದವರ ಹೆಸರು ನೆನಪಾಗದು, ಹಳೇ ಬೈಕಿನ ಯಾವ ಬೋಲ್ಟು ಸಡಿಲವಿತ್ತು ಎಂಬುದು ನೆನಪಿದೆ. ಇಸವಿ ಮಾತ್ರ ಯಾರಿಗೂ ಹೊಳೆಯದು. "ಯಾವ ವರ್ಷ?" ಅನ್ನುವ ಬದಲು "ಚಂದ್ರನ ಮೇಲೆ ಮನುಷ್ಯ ಇಳಿದ ಸುದ್ದಿ ಬರುವ ಮುಂಚೆಯಾ, ಆಮೇಲಾ?" ಅಂತ ಕೇಳಿದರೆ 1969ರ ಈಚೆಗೋ ಆಚೆಗೋ ಸರಿಯುತ್ತದೆ. ಹ್ಯಾಲಿ ಧೂಮಕೇತು ಬಂದದ್ದು 1986ರಲ್ಲಿ. ಅದನ್ನು ನೋಡಲೆಂದೇ ಮಾವನವರು ಮಕ್ಕಳನ್ನು ನಸುಕಿಗೆ ಎಬ್ಬಿಸಿ ಗುಡ್ಡಕ್ಕೆ ಕರೆದೊಯ್ದಿದ್ದರಿಂದ ಒಂದು ಗಂಟು ಫೋಟೋಗಳಿಗೆ ಗಟ್ಟಿ ತಾರೀಖು ಸಿಕ್ಕಿತು.

ಫೋಟೋಗಳೂ ಸಾಕ್ಷಿ ಹೇಳುತ್ತವೆ, ಆದರೆ ಅವನ್ನೂ ಪಾಟೀಸವಾಲು ಮಾಡಬೇಕು. ಕೊಡಾಕ್ ಕಂಪನಿ ಇನ್‌ಸ್ಟಮ್ಯಾಟಿಕ್ ಕ್ಯಾಮೆರಾ ತಂದದ್ದು 1963ರಲ್ಲಿ, ಅದರ 126 ಎಂಬ ನಮೂನೆಯ ಫಿಲಂನಲ್ಲಿ ಚೌಕ ಚಿತ್ರ ಬರುತ್ತಿತ್ತು. ಹಾಗಂತ ಚೌಕ ಫೋಟೋ ಎಲ್ಲವೂ 1963ರ ನಂತರದ್ದಲ್ಲ. ಅದಕ್ಕೂ ಹಳೆಯ 120 ಫಿಲಂನಲ್ಲೂ ಚೌಕ ಚಿತ್ರ ತೆಗೆಯುತ್ತಿದ್ದರು. ನೆಗೆಟಿವ್ ಸಿಕ್ಕರೆ ಅಗಲ ಅಳೆಯಿರಿ: 126ರದ್ದು 35 ಮಿಲಿಮೀಟರ್, 120ರದ್ದು ಸುಮಾರು 6 ಸೆಂಟಿಮೀಟರ್. ಫೋಟೋದ ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು ಬಿದ್ದಿದ್ದರೂ ನಂಬುವ ಮೊದಲು ಯೋಚಿಸಬೇಕು. ಬ್ಯಾಟರಿ ಬದಲಿಸಿದ ಮೇಲೆ ಕ್ಯಾಮೆರಾದ ಗಡಿಯಾರ ಸರಿಮಾಡದವರೇ ಹೆಚ್ಚು.

ಅಂಟು ಹಾಳೆಯ ಆಲ್ಬಂನಿಂದ ಫೋಟೋ ಎಳೆಯಬೇಡಿ, ಹರಿಯುತ್ತದೆ. ಇಡೀ ಪುಟದ ಚಿತ್ರ ಮೊದಲು ತೆಗೆದುಕೊಂಡು, ಮೇಣವಿಲ್ಲದ ಡೆಂಟಲ್ ಫ್ಲಾಸ್ ಎಳೆಯನ್ನು ಫೋಟೋದ ಅಡಿಯಲ್ಲಿ ನಿಧಾನವಾಗಿ ಸರಿಸಿದರೆ ಬಿಟ್ಟುಕೊಳ್ಳುತ್ತದೆ. ಹಟ ಮಾಡಿದ್ದನ್ನು ಪುಟದ ಸಮೇತ ಸ್ಕ್ಯಾನ್ ಮಾಡಿದೆ. ಪ್ರಿಂಟ್‌ಗಳಿಗೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ, ಸಾಕು. ನಂಟರಿಗೆ "ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ" ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಫೋಟೋ ಅಂತ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ದಿನದ ವಿವರವೂ ಅಳಿಸಿಹೋಗುತ್ತದೆ.

ಮಾತು ದಾಖಲಿಸಲು ಫೋನೇ ಸಾಕಾಯಿತು. ಏರೋಪ್ಲೇನ್ ಮೋಡ್, ಫ್ಯಾನ್ ಬಂದ್, ಮೇಜಿನ ಮೇಲೆ ಮಡಿಸಿದ ಟವೆಲ್, ಅದರ ಮೇಲೆ ಫೋನ್. ಒಬ್ಬರ ನಂತರ ಒಬ್ಬರು. ಇಬ್ಬರನ್ನು ಒಟ್ಟಿಗೆ ಕೂರಿಸಿದರೆ ದೊಡ್ಡ ದನಿಯವರ ಕಥೆಯೇ ಇತಿಹಾಸವಾಗುತ್ತದೆ.

ತುಂಬಿದ ಹೊಳೆಯ ಪ್ರಸಂಗದಲ್ಲಿ ಇದು ಚೆನ್ನಾಗಿ ತಿಳಿಯಿತು. ಚಿಕ್ಕಮಾವನವರ ಪ್ರಕಾರ ಮಾವನವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಈಜಿ ಆಚೆ ದಡ ಸೇರಿ, ಉಳಿದವರನ್ನು ದಾಟಿಸಿದರು. ಜೊತೆಗಿದ್ದ ಗೆಳೆಯರೊಬ್ಬರ ಪ್ರಕಾರ ಎಲ್ಲರೂ ನೀರಿಳಿಯುವವರೆಗೆ ಮರದ ಕೆಳಗೆ ಕೂತು, ಸಂಜೆಗೆ ಮೊಣಕಾಲುದ್ದದ ನೀರಲ್ಲಿ ನಡೆದು ಬಂದರು. ಎರಡನ್ನೂ ಅವರವರ ಮಾತಿನಲ್ಲೇ ಹಾಕಿದೆ. ಜೇಬಿನ ಕಾಗದದ ಮನುಷ್ಯ ಕಾದಿರಬೇಕು ಅಂತ ನನಗನ್ನಿಸುತ್ತದೆ, ಆದರೆ ಪುಸ್ತಕದಲ್ಲಿ ತೀರ್ಪು ಕೊಡಲಿಲ್ಲ.

ಔದಾರ್ಯದ್ದು ಇನ್ನೂ ಕಷ್ಟ. ಸಾಹಸಕ್ಕೆ ಫೋಟೋ ಉಂಟು, ಕೊಟ್ಟದ್ದಕ್ಕೆ ಇಲ್ಲ. ಬೀರುವಿನಲ್ಲಿ ಕೈಗಡದ ಪುಸ್ತಕ ಸಿಕ್ಕಿತು. ಹೆಸರು, ಮೊತ್ತ, ಕೆಲವಕ್ಕೆ ಅಡ್ಡಗೆರೆ. ತೀರಿಸಿದ್ದಕ್ಕೆ ಗೆರೆಯೋ, ಬಿಟ್ಟುಕೊಟ್ಟದ್ದಕ್ಕೋ? ಅತ್ತೆಯವರನ್ನು ಕೇಳಿದರೆ ನಕ್ಕರು. ಎದುರಾದಾಗ ಆ ಮನುಷ್ಯ ತಲೆ ತಗ್ಗಿಸಿದರೆ ಮನೆಗೆ ಬಂದು ಗೆರೆ ಎಳೆಯುತ್ತಿದ್ದರಂತೆ. ಆ ಪುಸ್ತಕದ ಒಂದು ಹೆಸರನ್ನೂ ನಾನು ಅಚ್ಚಿಗೆ ಕೊಡಲಿಲ್ಲ. ಒಬ್ಬರ ದೊಡ್ಡತನ ತೋರಿಸಲು ಇನ್ನೊಬ್ಬರ ಬಡತನ ಬಯಲಿಗಿಡುವುದು ಸಲ್ಲ. ತಾವಾಗಿ ಬಂದು ಹೇಳಿದವರ ಮಾತು ಮಾತ್ರ, ಅವರು ಒಪ್ಪಿದಷ್ಟೇ.

ಅತ್ತೆಯವರನ್ನು ಕೊನೆಗೆ ಉಳಿಸಿಕೊಂಡಿದ್ದೆ. ರೆಕಾರ್ಡಿಂಗ್ ಶುರುವಾಗಿ ಬಹಳ ಹೊತ್ತು ಎಲ್ಲರೂ ಹೇಳಿದ್ದನ್ನೇ ಹೇಳಿದರು. ಆಮೇಲೆ ಒಂದು ಮಾತು ಬಂತು: "ಅವರು ಕೊಟ್ಟಿದ್ದು ಊರಿಗೆಲ್ಲ ಗೊತ್ತು. ಮನೇಲಿ ಏನು ನಿಲ್ಲಿಸಿ ಕೊಟ್ಟರು ಅನ್ನೋದು ನನಗೆ ಗೊತ್ತು." ಬೆಟ್ಟಕ್ಕೆ ಹೋದ ರಾತ್ರಿಗಳಲ್ಲಿ ಮಕ್ಕಳನ್ನು ಮಲಗಿಸಿ ಆ ಕಾಗದ ಹಿಡಿದು ಗಡಿಯಾರ ನೋಡುತ್ತಾ ಕೂತದ್ದು, ಅವರು ಬಂದ ಮೇಲೆ ಎರಡು ದಿನ ಮಾತು ಬಿಟ್ಟದ್ದು, ಮೂರನೆಯ ದಿನ ಮುಂದಿನ ಪಯಣಕ್ಕೆ ತಾವೂ ಬರುತ್ತೇನೆಂದು ಹಟ ಹಿಡಿದು ಹೋಗಿಯೇಬಿಟ್ಟದ್ದು. ನಾದಿನಿಗೆ ಈ ಭಾಗ ಇಷ್ಟವಾಗಲಿಲ್ಲ, ಅಪ್ಪನ ನೆನಪಿನ ಪುಸ್ತಕದಲ್ಲಿ ಜಗಳ ಯಾಕೆ ಎಂದಳು. ಅತ್ತೆಯವರೇ "ಇರಲಿ, ಅದೂ ನಡೆದದ್ದೇ" ಎಂದರು. ಇಡೀ ಬರಹದಲ್ಲಿ ಮಾವನವರು ಗಂಡನಾಗಿ, ಅಪ್ಪನಾಗಿ ಎದ್ದು ನಿಲ್ಲುವುದು ಆ ಪುಟಗಳಲ್ಲೇ. ಆದ್ದರಿಂದ ಹುಟ್ಟು, ಓದು, ನೌಕರಿ ಅಂತ ಸಾಲಾಗಿ ಹೋಗದೆ ಅಲ್ಲಿಂದಲೇ ಶುರುಮಾಡಿದೆ.

ಮೂಲ ಫೋಟೋ, ದನಿ, ಬರಹ ಎಲ್ಲದಕ್ಕೂ ಮೂರು ಪ್ರತಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನ ಮನೆಯಲ್ಲಿ. ಅಚ್ಚಿನ ಪ್ರತಿಗೆ ಆಮ್ಲರಹಿತ ಕಾಗದ ಬಳಸಿ, ಪುಟದ ಬಲಕ್ಕೆ ಅಗಲವಾದ ಖಾಲಿ ಜಾಗ ಬಿಡಿಸಿದೆ. ಓದಿದವರು ತಿದ್ದಲಿ ಎಂದು. ತಿದ್ದುತ್ತಲೂ ಇದ್ದಾರೆ. ಹೊಳೆಯ ಪುಟದಲ್ಲಿ ಆ ಗೆಳೆಯರ ಮಾತಿನ ಪಕ್ಕಕ್ಕೆ ಚಿಕ್ಕಮಾವನವರು ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: "ಇವನು ಅವತ್ತು ನಿದ್ದೆ ಮಾಡುತ್ತಿದ್ದ."