ರೇಡಿಯೇಷನ್ ದಿನಗಳಲ್ಲಿ ಬಾಯಿ ಹುಣ್ಣಿಗೆ ನಾನು ಮುಕ್ಕಳಿಸಿದ ಬಗೆ

ಗಂಟಲಿನ ಕ್ಯಾನ್ಸರ್‌ಗೆ ನನಗೆ 7 ವಾರ ರೇಡಿಯೇಷನ್ ಇತ್ತು. ವಾರಕ್ಕೆ 5 ದಿನ, ಒಟ್ಟು 35 ಸಲ, 70 ಗ್ರೇ (ಗ್ರೇ ಅಂದರೆ ರೇಡಿಯೇಷನ್ ಪ್ರಮಾಣದ ಅಳತೆ). ಮೊದಲ ದಿನವೇ ನರ್ಸ್ ಹೇಳಿದ್ದರು, ನೋವು ಬರಲಿ ಅಂತ ಕಾಯಬೇಡಿ, ಇವತ್ತಿನಿಂದಲೇ ಬಾಯಿ ಮುಕ್ಕಳಿಸಿ ಅಂತ. ಬಾಯಿ ಚೆನ್ನಾಗೇ ಇದೆಯಲ್ಲ, ಸುಮ್ನೆ ಯಾಕೆ ಅಂದುಕೊಂಡು ಬಿಟ್ಟುಬಿಟ್ಟೆ. ಅದು ನನ್ನ ದೊಡ್ಡ ತಪ್ಪು.

ಎರಡನೇ ವಾರ ಮುಗಿಯುವಾಗ ಕೆನ್ನೆಯ ಒಳಗೆ ಕೆಂಪಾಯಿತು. ಮೂರನೇ ವಾರ ನಾಲಗೆಯ ಅಂಚಿನಲ್ಲಿ ಹುಣ್ಣು. ಗಾಬರಿಯಾಗಿ ಮನೆಯಲ್ಲಿದ್ದ ಮೌತ್‌ವಾಶ್ ಬಾಯಿಗೆ ಹಾಕಿಕೊಂಡೆ. ಬೆಂಕಿ ಇಟ್ಟ ಹಾಗಾಯಿತು, ಕಣ್ಣಲ್ಲಿ ನೀರು ಸುರಿಯಿತು. ಬಾಟಲಿ ತಿರುಗಿಸಿ ನೋಡಿದರೆ ಅದರಲ್ಲಿ ಆಲ್ಕೋಹಾಲ್ ಇತ್ತು. ಹುಣ್ಣಾದ ಬಾಯಿಗೆ ಅದು ಬೇಡವೇ ಬೇಡ.

ಕೊನೆಗೆ ಕೈ ಹಿಡಿದದ್ದು ಉಪ್ಪು, ಸೋಡಾದ ನೀರು. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 1 ಟೀ ಚಮಚ ಉಪ್ಪು, 1 ಟೀ ಚಮಚ ಅಡುಗೆ ಸೋಡಾ. ಬೇಕಿಂಗ್ ಪೌಡರ್ ಅಲ್ಲ, ಸೋಡಾನೇ ಆಗಬೇಕು. ದಿನಾ ಬೆಳಿಗ್ಗೆ ಹೊಸದಾಗಿ ಮಾಡಿಕೊಳ್ಳುತ್ತಿದ್ದೆ, ಹಿಂದಿನ ದಿನದ್ದು ಚೆಲ್ಲುತ್ತಿದ್ದೆ. ಎಚ್ಚರ ಇರುವಾಗ ಎರಡು ಗಂಟೆಗೊಮ್ಮೆ, ಊಟದ ಮುಂಚೆ ಮತ್ತು ಆಮೇಲೆ, ಪ್ರತಿ ಸಲ ಅರ್ಧ ನಿಮಿಷ. ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದೆ.

ಐದನೇ ವಾರ ಕೆನ್ನೆ ಅಲ್ಲಾಡಿಸಲೂ ಆಗುತ್ತಿರಲಿಲ್ಲ. ಆಗ ಒಂದು ಗುಟುಕು ಉಗುರು ಬೆಚ್ಚಗಿನ ನೀರು ಬಾಯಲ್ಲಿಟ್ಟು, ತಲೆಯನ್ನು ನಿಧಾನ ಎಡಕ್ಕೆ, ಬಲಕ್ಕೆ ವಾಲಿಸುತ್ತಿದ್ದೆ. ನೀರು ತಾನೇ ಎಲ್ಲ ಕಡೆ ಹರಿಯುತ್ತಿತ್ತು. ರಾತ್ರಿಯಿಡೀ ಗಂಟಲಲ್ಲಿ ನಾರಿನ ಹಾಗೆ ಅಂಟಿಕೊಂಡ ಜೊಲ್ಲು ಉಗುಳುವಾಗ ಉದ್ದಕ್ಕೆ ಎಳೆಯಾಗಿ ಹೊರಗೆ ಬರುತ್ತಿತ್ತು. ಅದಾದ ಮೇಲಿನ ಹತ್ತು ನಿಮಿಷದ ನೆಮ್ಮದಿ ಎಷ್ಟು ದೊಡ್ಡದು ಅಂತ ಅನುಭವಿಸಿದವರಿಗೇ ಗೊತ್ತು.

ಊಟಕ್ಕೆ ಸ್ವಲ್ಪ ಮುಂಚೆ, ಡಾಕ್ಟರ್ ಬರೆದುಕೊಟ್ಟ ಲಿಡೊಕೇನ್ ದ್ರವ. ಬಾಯಿ ಮರಗಟ್ಟಿದಾಗ ನಾಲ್ಕು ತುತ್ತು ಒಳಗೆ ಹೋಗುತ್ತಿತ್ತು. ಆದರೆ ಹುಷಾರು. ಒಂದು ದಿನ ಕೆನ್ನೆ ಕಚ್ಚಿಕೊಂಡಿದ್ದೇ ಗೊತ್ತಾಗಲಿಲ್ಲ, ರಕ್ತ ನೋಡಿದ ಮೇಲೆ ಗೊತ್ತಾಯಿತು. ಗಂಟಲೂ ಮರಗಟ್ಟಿದರೆ ಆಹಾರ ಶ್ವಾಸನಾಳಕ್ಕೆ ಹೋಗಬಹುದು. ಮೆತ್ತಗಿನದನ್ನು, ಬಿಸಿ ಆರಿಸಿ, ನಿಧಾನ ತಿನ್ನಬೇಕು.

ನಾಲಗೆ ಮೇಲೆ ಮೊಸರಿನ ಹಾಗೆ ಬಿಳಿ ಪದರ ಕಂಡರೆ ಅದು ಫಂಗಸ್ ಇರಬಹುದು. ಮುಕ್ಕಳಿಸಿದರೆ ಹೋಗಲ್ಲ, ಬೇರೆ ಔಷಧಿ ಬೇಕು. ನನಗೂ ಬಂದಿತ್ತು. ತೋರಿಸಲು ಮೂರು ದಿನ ತಡ ಮಾಡಿದೆ, ಅಷ್ಟೂ ದಿನ ಸುಮ್ನೆ ನರಳಿದೆ.

ರೇಡಿಯೇಷನ್ ಮುಗಿದ ದಿನವೇ ಹುಣ್ಣು ನಿಲ್ಲಲಿಲ್ಲ. ಮುಂದಿನ ಎರಡು ವಾರ ನೋವು ಇನ್ನೂ ಜಾಸ್ತಿಯೇ ಇತ್ತು. ಉಪ್ಪು, ಸೋಡಾ ನೀರಿನ ಬಾಟಲಿ ಮಂಚದ ಪಕ್ಕದಲ್ಲೇ ಇತ್ತು. ರೇಡಿಯೇಷನ್ ಮುಗಿದ ಮೇಲಿನ ಆರನೇ ವಾರದ ಹೊತ್ತಿಗೆ ಹುಣ್ಣೆಲ್ಲ ಮಾಯಿತು. ಬಾಯಿ ಒಣಗುವುದು ಮಾತ್ರ ಉಳಿದಿದೆ, ಅದಕ್ಕೆ ಈಗಲೂ ಊಟ ಆದ ಮೇಲೆ ಅದೇ ನೀರು.